ಗೋಡೆಯೊಳಗಿನ ಹಳೇ ಟಿವಿ ವೈರಿನಲ್ಲಿ ಇಂಟರ್ನೆಟ್ ಮಹಡಿ ಹತ್ತುತ್ತಾ?

ಬಳ್ಳಾರಿಯ ಯಾವುದೇ ಬಡಾವಣೆಯಲ್ಲಿ ಟೆರೇಸ್ ಮೇಲೆ ನಿಂತು ಸುತ್ತ ನೋಡಿ. ಮನೆಗೊಂದು ಡಿಶ್ ಕಾಣುತ್ತದೆ. ಅವುಗಳಲ್ಲಿ ಎಷ್ಟೋ ಈಗ ಪಾರಿವಾಳ ಕೂರುವುದಕ್ಕೆ ಮಾತ್ರ. ಬೀದಿಗೆ ಫೈಬರ್ ಬಂತು, ಟಿವಿ ಇಂಟರ್ನೆಟ್ ಮೇಲೇ ಓಡತೊಡಗಿತು, ರೀಚಾರ್ಜ್ ಮಾಡಿಸುವುದು ನಿಂತುಹೋಯಿತು. ಡಿಶ್ ಕೆಲಸ ಬಿಟ್ಟರೂ ಅದರಿಂದ ಕೆಳಗಿಳಿದ ಕಪ್ಪು ವೈರು ಮಾತ್ರ ಇನ್ನೂ ಗೋಡೆಯಲ್ಲೇ ಇದೆ.

ಅದೇ ಮನೆಯಲ್ಲಿ ಇನ್ನೊಂದು ಗೋಳು. ರೂಟರ್ ಕೆಳಗೆ ಹಾಲ್‌ನಲ್ಲಿ, ಓದುವ ಮಗಳು ಮೇಲಿನ ಕೋಣೆಯಲ್ಲಿ. ಸಿಇಟಿ ಆಪ್ಷನ್ ಎಂಟ್ರಿಗೆ ಕೂತರೆ ಚಕ್ರ ತಿರುಗುತ್ತಲೇ ಇರುತ್ತದೆ. ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾಳೆ. ನಮ್ಮ ಮನೆಯಲ್ಲಿ ನಾಲ್ಕನೇ ಮೆಟ್ಟಿಲಿಗೆ ‘ನೆಟ್ ಮೆಟ್ಟಿಲು’ ಅಂತಲೇ ಹೆಸರು ಬಿದ್ದಿತ್ತು.

ಆ ಹಳೇ ವೈರನ್ನೇ ಬಳಸಿ ಇಂಟರ್ನೆಟ್ಟನ್ನು ಮೇಲಿನ ಕೋಣೆಗೆ ಒಯ್ಯಲು ಸಾಧ್ಯ. ಎಲ್ಲ ಮನೆಯಲ್ಲೂ ಆಗುತ್ತದೆ ಅಂತಲ್ಲ. ನಿಮ್ಮಲ್ಲಿ ಆಗುತ್ತದಾ ಅಂತ ತಿಳಿಯಬೇಕಾದರೆ ಒಂದೆರಡು ಮೂಲ ವಿಷಯ ಗೊತ್ತಿರಬೇಕು.

ವೈ-ಫೈ ಮಹಡಿ ಹತ್ತಲು ಯಾಕೆ ಹಿಂದೇಟು ಹಾಕುತ್ತದೆ

ಫೈಬರ್ ಮನೆ ಬಾಗಿಲ ತನಕ ತರುವ ವೇಗ ಒಂದು, ಗಾಳಿಯಲ್ಲಿ ನಿಮ್ಮ ಫೋನಿಗೆ ಮುಟ್ಟುವ ವೇಗ ಇನ್ನೊಂದು. ವೈ-ಫೈ ಅಂದರೆ ರೇಡಿಯೋ ಅಲೆ. ಅದು ಮುಖ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಓಡುತ್ತದೆ. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. 2.4ರದ್ದು ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಯವರ ವೈ-ಫೈಗಳ ಗದ್ದಲವೂ ಅದೇ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ.

ನಮ್ಮ ಕಡೆಯ ಮನೆಗಳು ಇದಕ್ಕೆ ಸ್ವಲ್ಪ ಹಟಮಾರಿ. ಹಳೇ ಮಾಳಿಗೆ ಮನೆಗಳ ಕಲ್ಲು ಮಣ್ಣಿನ ಗೋಡೆ ಎರಡು ಅಡಿ ದಪ್ಪ ಇರುವುದೂ ಉಂಟು. ಏಪ್ರಿಲ್ ಬಿಸಿಲನ್ನು ತಡೆಯಲಿ ಅಂತ ಹಾಗೆ ಕಟ್ಟಿದ್ದು. ಬಿಸಿಲನ್ನು ತಡೆದ ಹಾಗೇ ವೈ-ಫೈಯನ್ನೂ ತಡೆಯುತ್ತದೆ. ಹೊಸ ಮನೆಯಲ್ಲಿ ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಸ್ಲ್ಯಾಬ್ ಮಹಡಿಗೂ ಹಾಲ್‌ಗೂ ನಡುವೆ ನಿಂತಿರುತ್ತದೆ.

ಹೆಚ್ಚಿನವರು ಮೊದಲು ಕೊಳ್ಳುವುದು ರಿಪೀಟರ್. ಸಾದಾ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದೇ ರೇಡಿಯೋದಲ್ಲಿ ಮತ್ತೆ ಹೇಳುತ್ತದೆ. ಒಂದು ಮಾತಿಗೆ ಎರಡು ಮಾತಿನ ಹೊತ್ತು. ವೇಗ ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಮೇಲಿನ ಕೋಣೆಗೆ ವೈರಿನಲ್ಲೇ ಇಂಟರ್ನೆಟ್ ತಂದು, ಅಲ್ಲಿಂದ ಹೊಸದಾಗಿ ವೈ-ಫೈ ಬಿಡುವುದು ವಾಸಿ. ಆ ವೈರು ಎಲ್ಲಿಂದ ಬರಬೇಕು ಅನ್ನುವುದೇ ಪ್ರಶ್ನೆ.

ಕಪ್ಪು ವೈರನ್ನು ಸುಲಿದು ನೋಡಿದರೆ

ಟಿವಿ ಹಿಂದಿನ ದುಂಡು ವೈರಿಗೆ ಕೊಆಕ್ಸಿಯಲ್ ಕೇಬಲ್ ಅಂತ ಹೆಸರು. ಬಾಯಿಮಾತಿನಲ್ಲಿ ಕೊಆಕ್ಸ್. ಒಂದು ತುಂಡನ್ನು ಬ್ಲೇಡಿನಲ್ಲಿ ಸುಲಿಯಿರಿ, ಈರುಳ್ಳಿಯ ಹಾಗೆ ಪದರ ಪದರ. ಮೇಲೆ ಕಪ್ಪು ಸಿಪ್ಪೆ. ಅದರ ಕೆಳಗೆ ಜಡೆಯಂತೆ ಹೆಣೆದ ಸಣ್ಣ ತಂತಿಗಳು. ಅದರ ಕೆಳಗೆ ಬೆಳ್ಳಿ ಕಾಗದದಂಥ ಹಾಳೆ. ಮತ್ತೆ ಬಿಳಿ ನೊರೆಯಂಥ ಪ್ಲಾಸ್ಟಿಕ್. ನಟ್ಟ ನಡುವೆ ಗಟ್ಟಿಯಾದ ಒಂಟಿ ತಂತಿ. ಸಿಗ್ನಲ್ ಓಡುವುದು ನಡು ತಂತಿಗೂ ಹೊರಗಿನ ಜಡೆಗೂ ಮಧ್ಯೆ ಇರುವ ಬಿಳಿ ಜಾಗದಲ್ಲಿ. ಜಡೆ ಬೇಲಿಯ ಕೆಲಸವನ್ನೂ ಮಾಡುತ್ತದೆ. ಒಳಗಿನದು ಹೊರಗೆ ಸೋರುವುದಿಲ್ಲ, ಹೊರಗಿನ ಗದ್ದಲ ಒಳಗೆ ನುಗ್ಗುವುದಿಲ್ಲ.

ಈ ಉಪಾಯ ಬಹಳ ಹಳೆಯದು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆಗಿನ್ನೂ ಟಿವಿ ಇರಲಿ, ರೇಡಿಯೋ ಕೂಡ ಇರಲಿಲ್ಲ.

ಸಿಪ್ಪೆಯ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಅಚ್ಚಾಗಿರುತ್ತದೆ, ಟಾರ್ಚ್ ಬಿಟ್ಟು ಓದಿ. ಆರ್‌ಜಿ-6 ಅಂತಿದ್ದರೆ ಒಳ್ಳೆಯದು. ಡಿಶ್‌ಗೆ ಸಾಮಾನ್ಯವಾಗಿ ಹಾಕುವುದು ಇದನ್ನೇ. ಆರ್‌ಜಿ-59 ಅದಕ್ಕಿಂತ ಸಣ್ಣ, ಹಳೇ ಕೇಬಲ್ ಟಿವಿ ಕಾಲದ್ದು. ಸಿಗ್ನಲ್ ಜಾಸ್ತಿ ಸೋರುತ್ತದೆ, ಆದರೂ ಮನೆಯೊಳಗಿನ ದೂರಕ್ಕೆ ಎಷ್ಟೋ ಸಲ ನಡೆದುಹೋಗುತ್ತದೆ. ಸಿಸಿಟಿವಿಗೆ ಎಳೆದ ‘ತ್ರೀ ಪ್ಲಸ್ ಒನ್’ ವೈರಿನಲ್ಲೂ ಒಂದು ಕೊಆಕ್ಸ್ ಇರುತ್ತದೆ. ಅದು ತೀರಾ ಸಣಕಲು, ನಾನಂತೂ ಅದನ್ನು ನಂಬುವುದಿಲ್ಲ.

ಮೋಕಾ: ಎರಡು ಡಬ್ಬಿಗಳ ಮಾತುಕತೆ

ಟಿವಿ ವೈರಿಗೆ ರೂಟರನ್ನು ನೇರವಾಗಿ ಸಿಕ್ಕಿಸಲು ಆಗುವುದಿಲ್ಲ. ಎರಡರ ಭಾಷೆ ಬೇರೆ. ನಡುವೆ ಒಬ್ಬ ದುಭಾಷಿ ಬೇಕು, ಅದೂ ವೈರಿನ ಎರಡೂ ತುದಿಯಲ್ಲಿ. ಆ ದುಭಾಷಿ ಡಬ್ಬಿಯ ಹೆಸರು ಮೋಕಾ ಅಡಾಪ್ಟರ್. 2004ರಲ್ಲಿ ಕೆಲವು ಕಂಪನಿಗಳು ಸೇರಿ ‘ಮಲ್ಟಿಮೀಡಿಯಾ ಓವರ್ ಕೊಆಕ್ಸ್ ಅಲಯನ್ಸ್’ ಎಂಬ ಒಕ್ಕೂಟ ಕಟ್ಟಿಕೊಂಡವು. ಅದನ್ನೇ ಚಿಕ್ಕದಾಗಿ ಮೋಕಾ ಅನ್ನುತ್ತಾರೆ. ಕಾಫಿಗೂ ಇದಕ್ಕೂ ಸಂಬಂಧವಿಲ್ಲ.

ಡಬ್ಬಿಗೆ ಮುಖ್ಯವಾಗಿ ಮೂರು ಕಿಂಡಿ: ಕರೆಂಟಿಗೆ, ರೂಟರ್ ಅಥವಾ ಕಂಪ್ಯೂಟರ್‌ಗೆ ಹೋಗುವ ಲ್ಯಾನ್ ವೈರಿಗೆ, ಕೊಆಕ್ಸ್‌ಗೆ. ಕೆಳಗಿನ ಡಬ್ಬಿ ರೂಟರ್ ಕೊಡುವ ಮಾಹಿತಿಯನ್ನು ರೇಡಿಯೋ ಅಲೆಯಾಗಿಸಿ ಕೊಆಕ್ಸ್ ಒಳಗೆ ಬಿಡುತ್ತದೆ. ಮೇಲಿನ ಡಬ್ಬಿ ಅದನ್ನು ಹಿಡಿದು ಮತ್ತೆ ಮಾಹಿತಿ ಮಾಡಿ ಲ್ಯಾನ್ ಕಿಂಡಿಗೆ ಕೊಡುತ್ತದೆ. ಅಂದರೆ ಇದೂ ಒಂಥರಾ ವೈ-ಫೈಯೇ, ಗಾಳಿಯ ಬದಲು ವೈರಿನೊಳಗೆ ಓಡುತ್ತದೆ. ಗೋಡೆ, ಸ್ಲ್ಯಾಬ್, ಪಕ್ಕದ ಮನೆ ಯಾವುದೂ ಅದಕ್ಕೆ ಅಡ್ಡ ಬರುವುದಿಲ್ಲ.

ಒಂದೇ ವೈರಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದರೆ? ಸಿಂಗಲ್ ಲೈನ್ ರೈಲು ಹಳಿಯನ್ನು ನೆನೆಸಿಕೊಳ್ಳಿ. ಎದುರು ಗಾಡಿ ಬರುವ ತನಕ ಈ ಗಾಡಿ ಸ್ಟೇಷನ್‌ನಲ್ಲೇ ನಿಲ್ಲಬೇಕು. ಇಲ್ಲೂ ಡಬ್ಬಿಗಳಲ್ಲಿ ಒಂದು ತಾನೇ ಸ್ಟೇಷನ್ ಮಾಸ್ಟರ್ ಆಗಿಬಿಡುತ್ತದೆ. ಈಗ ನಿನ್ನ ಸರದಿ, ಈಗ ಅವನದು ಅಂತ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕ ಲೆಕ್ಕದಲ್ಲಿ ಸಮಯ ಹಂಚುತ್ತದೆ. ಹಾಗಾಗಿ ಇಬ್ಬರು ಒಟ್ಟಿಗೆ ಕೂಗಿ ಗಲಾಟೆ ಆಗುವುದಿಲ್ಲ. ತಡವೂ ಕೆಲವೇ ಮಿಲಿಸೆಕೆಂಡು. ವಿಡಿಯೋ ಕಾಲ್‌ನಲ್ಲಿ ಗೊತ್ತೇ ಆಗುವುದಿಲ್ಲ, ಆಟ ಆಡುವ ಹುಡುಗರೂ ತಕರಾರು ಮಾಡುವುದಿಲ್ಲ.

ಈಗ ಜಾಸ್ತಿ ಸಿಗುವುದು ಮೋಕಾ 2.5. ಅದು 100 ಮೆಗಾಹರ್ಟ್ಸ್‌ನ ಐದು ಚಾನೆಲ್‌ಗಳನ್ನು ಜೋಡಿಸಿಕೊಂಡು 2,500 ಎಂಬಿಪಿಎಸ್ ತನಕ ಸಾಗಿಸಬಲ್ಲದು. ಹೋಗುವ ಬರುವ ಎರಡೂ ಸೇರಿ ಅಷ್ಟು. ನಿಮ್ಮ ಫೈಬರ್ ಪ್ಲಾನ್ 100 ಎಂಬಿಪಿಎಸ್ಸಿನದ್ದಾದರೆ ಹಳೇ ಮೋಕಾ 2.0 ಕೂಡ ಬೇಕಾದಷ್ಟಾಯಿತು. ದೊಡ್ಡ ಅಂಕಿ ನೋಡಿ ದುಡ್ಡು ಸುರಿಯಬೇಡಿ.

ಡಿಶ್ಶಾ, ಕೇಬಲ್ಲಾ?

ಇಡೀ ವಿಷಯದಲ್ಲಿ ಜನ ಎಡವುವುದು ಇಲ್ಲೇ. ಮೋಕಾ ಅಮೆರಿಕದ ಮನೆಗಳನ್ನು ನೋಡಿ ಹೊಲಿದ ಅಂಗಿ. ಅಲ್ಲಿ ಕೇಬಲ್ ಟಿವಿ, ಕೋಣೆ ಕೋಣೆಗೂ ಕೊಆಕ್ಸ್ ಪಾಯಿಂಟ್. ನಮ್ಮಲ್ಲಿ ಎಷ್ಟೋ ಮನೆಗೆ ಡಿಶ್.

ಕೊಆಕ್ಸ್ ಅನ್ನು ಒಂದು ಅಗಲವಾದ ರಸ್ತೆ ಅಂದುಕೊಳ್ಳಿ. ಸ್ಥಳೀಯ ಕೇಬಲ್‌ನವರ ಟಿವಿ ಚಾನೆಲ್‌ಗಳು ಓಡುವುದು 862 ಮೆಗಾಹರ್ಟ್ಸ್‌ಗಿಂತ ಕೆಳಗಿನ ಸಾಲಿನಲ್ಲಿ. ಮೋಕಾ ಓಡುವುದು 1,125ರಿಂದ 1,675ರ ಸಾಲಿನಲ್ಲಿ. ಇಬ್ಬರಿಗೂ ಬೇರೆ ಬೇರೆ ಸಾಲು, ಹಾಗಾಗಿ ಒಂದೇ ವೈರಿನಲ್ಲಿ ಟಿವಿಯೂ ಬರುತ್ತದೆ, ಇಂಟರ್ನೆಟ್ಟೂ ಹೋಗುತ್ತದೆ.

ಡಿಶ್ ಕತೆ ಹಾಗಲ್ಲ. ಉಪಗ್ರಹದಿಂದ ಬರುವ ಅಲೆ 10 ಗಿಗಾಹರ್ಟ್ಸ್‌ಗೂ ಮೇಲಿನದು. ಅಷ್ಟು ಮೇಲಿನ ಅಲೆ ವೈರಿನಲ್ಲಿ ಹೆಚ್ಚು ದೂರ ಬದುಕುವುದಿಲ್ಲ. ಅದಕ್ಕೆ ಡಿಶ್‌ನ ಮೂತಿಯಲ್ಲಿರುವ ಎಲ್‌ಎನ್‌ಬಿ ಎಂಬ ಸಾಧನ ಅದನ್ನು 950ರಿಂದ 2,150 ಮೆಗಾಹರ್ಟ್ಸ್‌ಗೆ ಇಳಿಸಿ ಕೆಳಗೆ ಕಳಿಸುತ್ತದೆ. ಮೋಕಾದ ಸಾಲು ಪೂರ್ತಿ ಅದರೊಳಗೇ ಬಂದುಬಿಟ್ಟಿತಲ್ಲ! ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಸಾಲದ್ದಕ್ಕೆ ಆ ಎಲ್‌ಎನ್‌ಬಿಗೆ ಸೆಟ್‌ಟಾಪ್ ಬಾಕ್ಸ್ ಇದೇ ವೈರಿನಲ್ಲಿ 13 ಅಥವಾ 18 ವೋಲ್ಟ್ ಕರೆಂಟ್ ಕಳಿಸುತ್ತಿರುತ್ತದೆ. ಅದು ಅಡಾಪ್ಟರ್‌ಗೆ ನುಗ್ಗಿದರೆ ಅಡಾಪ್ಟರ್ ಹಾಳಾದೀತು.

ಆದ್ದರಿಂದ ಡಿಶ್ ಇನ್ನೂ ನಡೆಯುತ್ತಿದ್ದರೆ ಆ ವೈರಿನ ತಂಟೆಗೆ ಹೋಗಬೇಡಿ. ಡಿಶ್ ಬಿಟ್ಟವರಿಗೆ ಮಾತ್ರ ಆ ವೈರು ಪೂರ್ತಿ ಖಾಲಿ ರಸ್ತೆ. ಡಿಶ್ ಜೊತೆಗೇ ನಡೆಯುವಂತೆ ಕೆಳಗಿನ ಸಾಲು ಬಳಸುವ ಮೋಕಾ ಮಾದರಿಗಳೂ ಇವೆ. ಅದನ್ನು ಹುಡುಕುತ್ತಾ ಹೋದರೆ ಸುಮ್ನೆ ತಲೆನೋವು.

ಮಹಡಿಯಲ್ಲಿ ವೈರು ಎಲ್ಲಿ ಸಿಗುತ್ತದೆ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಒಂದೇ ವೈರು. ಟೆರೇಸ್‌ನ ಡಿಶ್‌ನಿಂದ ಹೊರಟು ಹಾಲ್‌ನ ಟಿವಿಗೆ ಮುಗಿಯಿತು. ಮೇಲಿನ ಕೋಣೆಯಲ್ಲಿ ಪಾಯಿಂಟ್ ಇಲ್ಲವಲ್ಲ ಅಂತ ಕೈ ಬಿಡಬೇಡಿ. ಆ ವೈರು ಇಳಿಯುವಾಗ ಮೇಲಿನ ಕೋಣೆಯ ಗೋಡೆ ಅಥವಾ ಕಿಟಕಿ ಪಕ್ಕದಲ್ಲೇ ಹಾದು ಬಂದಿರುತ್ತದೆ. ಅಲ್ಲೇ ಕತ್ತರಿಸಿ, ಕೆಳಗಿನ ತುಂಡಿನ ತುದಿಯನ್ನು ಕೋಣೆಯೊಳಗೆ ಎಳೆದುಕೊಂಡು, ಎಫ್ ಕನೆಕ್ಟರ್ (ತಿರುಗಿಸಿ ಬಿಗಿಯುವ ಲೋಹದ ಮೂತಿ) ಹಾಕಿದರೆ ಆಯಿತು. ಮೇಲಿನ ಕಡೆ ಉಳಿದ ತುಂಡು ಬೇಡವೇ ಬೇಡ.

ಎರಡು ಟಿವಿಗೆ ಎರಡು ವೈರು ಇಳಿಸಿಕೊಂಡ ಮನೆಯವರಿಗೆ ಇನ್ನೂ ಸುಲಭ. ಎರಡೂ ವೈರು ಟೆರೇಸ್‌ನಲ್ಲಿ ಡಿಶ್ ಹತ್ತಿರ ಸೇರುತ್ತವೆ. ಡಿಶ್‌ನಿಂದ ಬಿಚ್ಚಿ, ಎರಡರ ತುದಿಯನ್ನೂ ಒಂದು ಜಾಯಿಂಟರ್‌ನಿಂದ ಒಂದಕ್ಕೊಂದು ಕೂಡಿಸಿ. ಹಾಲ್‌ನಿಂದ ಟೆರೇಸ್, ಟೆರೇಸ್‌ನಿಂದ ಕೋಣೆ, ಒಂದೇ ದಾರಿ ಆಯಿತು. ದೂರ ಜಾಸ್ತಿ ಆಯಿತು ಅನ್ನಿಸಬಹುದು, ಆದರೆ 40 ಮೀಟರ್ ಮೋಕಾಗೆ ದೊಡ್ಡದಲ್ಲ. ಜಾಯಿಂಟ್ ಮಾತ್ರ ಮಳೆ ನೀರು ಇಳಿಯದಂತೆ ಡಬ್ಬಿಯೊಳಗೆ ಇರಲಿ.

ಟೆರೇಸ್ ಮೇಲಿನ ಭಾಗವನ್ನು ಒಮ್ಮೆ ಬೆರಳಲ್ಲಿ ಬಗ್ಗಿಸಿ ನೋಡಿ. ಬಳ್ಳಾರಿ ರಾಯಚೂರಿನ 40 ಡಿಗ್ರಿ ಬಿಸಿಲಿಗೆ ವರ್ಷಗಟ್ಟಲೆ ಬಿದ್ದ ಸಿಪ್ಪೆ ಹಪ್ಪಳದಂತೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ಜಡೆ ಕಪ್ಪಗಾಗಿ ಪುಡಿಯಾಗುತ್ತದೆ. ಆನೆಗೊಂದಿ, ಹಂಪಿ ಕಡೆಯವರಿಗೆ ಮಂಗಗಳ ಕಾಟ ಬೇರೆ. ಅವು ಜೋಲಾಡಿದ ವೈರು ಹೊರಗಿನಿಂದ ನೆಟ್ಟಗೆ ಕಂಡರೂ ಒಳಗೆ ನಡು ತಂತಿ ತುಂಡಾಗಿರಬಹುದು.

ಸಿಡಿಲಿನ ಮಾತೂ ಇದೆ. ಫೈಬರ್ ಗಾಜಿನದು, ಕರೆಂಟ್ ಹರಿಯುವುದಿಲ್ಲ. ಕೊಆಕ್ಸ್ ಲೋಹದ್ದು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದರೆ, ಟೆರೇಸ್ ಮೇಲೆ ಚಾಚಿಕೊಂಡ ಉದ್ದ ವೈರು ಆ ಹೊಡೆತವನ್ನು ಒಳಗೆ ತರಬಲ್ಲದು. ಹಾಗಾಗಿ ವೈರನ್ನು ಕೋಣೆಯ ಮಟ್ಟದಲ್ಲೇ ಕತ್ತರಿಸುವ ಮೊದಲ ದಾರಿಯೇ ನನಗೆ ಇಷ್ಟ.

ಅಟ್ಟದ ಮೇಲಿನ ಕಳ್ಳ

ನಮ್ಮ ಮನೆಯಲ್ಲಿ ಡಿಶ್‌ಗೂ ಮುಂಚೆ ಕೇಬಲ್ ಇತ್ತು. ಆಗ ಕೋಣೆಗೂ ಹಾಲ್‌ಗೂ ಎರಡು ವೈರು ಎಳೆಸಿದ್ದರಿಂದ ಇನ್ನೇನು ಬೇಕು ಅಂತ ಅಡಾಪ್ಟರ್ ಸಿಕ್ಕಿಸಿದೆ. ಎರಡೂ ಕಡೆ ಪವರ್ ದೀಪ ಉರಿಯಿತು. ಕೊಆಕ್ಸ್ ದೀಪ ಮಾತ್ರ ಉರಿಯಲೇ ಇಲ್ಲ. ಆ ದೀಪ ಉರಿದರೆ ಡಬ್ಬಿಗಳು ಒಂದನ್ನೊಂದು ಗುರುತು ಹಿಡಿದವು ಅಂತ ಅರ್ಥ. ಅರ್ಧ ದಿನ ಡಬ್ಬಿಯನ್ನೇ ಬೈದೆ.

ಕೊನೆಗೆ ವೈರಿಂಗ್ ಮಾಡುವ ಅಣ್ಣನನ್ನು ಕರೆಸಿದೆ. ಅವರು ಅಟ್ಟ ಹತ್ತಿ, ಹಳೇ ಹಿತ್ತಾಳೆ ಪಾತ್ರೆಗಳ ಹಿಂದೆ ಕೈ ಹಾಕಿ, ‘ಸರ, ಇಲ್ಲೊಂದು ಡಬ್ಬಿ ಐತ್ರಿ’ ಅಂದರು. ಬೆಂಕಿಪೊಟ್ಟಣದಷ್ಟು ಗಾತ್ರ, ಮೇಲೆ ಕಣಜದ ಮಣ್ಣಿನ ಗೂಡು. ಗೂಡು ಕೆರೆದು ನೋಡಿದರೆ ನಾಲ್ಕು ಬಾಯಿಯ ಸ್ಪ್ಲಿಟರ್. ಅದರ ಮೇಲೆ ‘5–1000 ಮೆಗಾಹರ್ಟ್ಸ್’ ಅಂತ ಬರೆದಿತ್ತು.

ಸ್ಪ್ಲಿಟರ್ ಅಂದರೆ ಒಂದು ಕಾಲುವೆಯ ನೀರನ್ನು ಹಲವು ಕಾಲುವೆಗೆ ಹಂಚುವ ಜಾಗ. ತುಂಗಭದ್ರಾ ಕಾಲುವೆಯ ಕೆಳಭಾಗದ ರೈತರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಎರಡು ಬಾಯಿಯದಾದರೆ ಒಂದೊಂದು ಬಾಯಿಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸಿಗ್ನಲ್, ಡೆಸಿಬೆಲ್ ಲೆಕ್ಕದಲ್ಲಿ 3.5ರಷ್ಟು ನಷ್ಟ. ನಾಲ್ಕು ಬಾಯಿಯದಾದರೆ ಸುಮಾರು 7 ಡೆಸಿಬೆಲ್, ಅಂದರೆ ಐದನೇ ಒಂದು ಪಾಲು ಮಾತ್ರ ಸಿಕ್ಕಿತು. ಹೋಲಿಸಿ ನೋಡಿ: ಆರ್‌ಜಿ-6 ವೈರಿನಲ್ಲಿ 1,000 ಮೆಗಾಹರ್ಟ್ಸ್‌ನ ಸಿಗ್ನಲ್‌ಗೆ ಅಷ್ಟು ನಷ್ಟ ಆಗಬೇಕಾದರೆ 30 ಮೀಟರ್‌ಗೂ ಹೆಚ್ಚು ಓಡಬೇಕು. ಈ ಪುಟ್ಟ ಡಬ್ಬಿ ಅಷ್ಟನ್ನು ಒಂದೇ ಗುಟುಕಿಗೆ ನುಂಗುತ್ತದೆ.

ನಷ್ಟಕ್ಕಿಂತ ದೊಡ್ಡ ತೊಂದರೆ ಆ 1000 ಅನ್ನುವ ಅಂಕಿ. ಅದು ಟಿವಿ ಚಾನೆಲ್‌ಗೆ ಅಂತ ಮಾಡಿದ್ದು. 1,125ರ ಮೇಲೆ ಓಡುವ ಮೋಕಾ ಅಲೆಗೆ ಅಲ್ಲಿ ಸರಿಯಾದ ದಾರಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಮೋಕಾಗೆ ಬೇಕಾದದ್ದು 5–1675 ಅಂತ ಬರೆದಿರುವ ಸ್ಪ್ಲಿಟರ್. ನಮಗೆ ಎರಡೇ ತುದಿ ಬೇಕಾಗಿದ್ದರಿಂದ ಸ್ಪ್ಲಿಟರನ್ನೇ ಕಿತ್ತು, ಎರಡು ವೈರನ್ನು ಜಾಯಿಂಟರ್‌ನಿಂದ ನೇರ ಕೂಡಿಸಿದೆವು. ಅಟ್ಟದಿಂದ ಇಳಿಯುವಷ್ಟರಲ್ಲಿ ಕೊಆಕ್ಸ್ ದೀಪ ಹತ್ತಿಕೊಂಡಿತ್ತು. ಮೇಲೆ ಮುಂಚೆ ಕಷ್ಟಪಟ್ಟು 8 ಎಂಬಿಪಿಎಸ್ ಬರುತ್ತಿತ್ತು. ಈಗ 100ರ ಪ್ಲಾನ್‌ನಲ್ಲಿ 94 ತೋರಿಸುತ್ತದೆ.

ಸ್ಪ್ಲಿಟರ್ ಬಿಟ್ಟರೆ ಇನ್ನೊಬ್ಬ ಕಳ್ಳ ಕೈಯಲ್ಲಿ ತಿರುಚಿ, ಟೇಪ್ ಸುತ್ತಿದ ಜಾಯಿಂಟ್. ಕರೆಂಟ್ ವೈರಿಗೆ ಹಾಗೆ ಮಾಡಿ ಅಭ್ಯಾಸವಾದವರು ಕೊಆಕ್ಸ್‌ಗೂ ಹಾಗೇ ಮಾಡಿಬಿಡುತ್ತಾರೆ. ಅಲ್ಲಿ ಸಿಗ್ನಲ್ ಸ್ವಲ್ಪ ಸೋರುತ್ತದೆ, ಸ್ವಲ್ಪ ಗೋಡೆಗೆ ಹೊಡೆದ ಚೆಂಡಿನಂತೆ ವಾಪಸ್ ಬರುತ್ತದೆ. ಎಫ್ ಕನೆಕ್ಟರ್ ಹಾಕುವಾಗಲೂ ಜಡೆಯ ಒಂದೇ ಒಂದು ಎಳೆ ನಡು ತಂತಿಗೆ ತಾಗಿದರೆ ಶಾರ್ಟ್, ಅಲ್ಲಿಗೆ ಎಲ್ಲ ಬಂದ್. ಕೂದಲಿನಷ್ಟು ಸಣ್ಣ ಎಳೆ ಅದು, ಕನ್ನಡಕ ಹಾಕಿಕೊಂಡೇ ನೋಡಿ.

ಸಿಕ್ಕಿಸುವ ಕೆಲಸ

ಇದು ಐದು ನಿಮಿಷದ್ದು. ಹಾಲ್‌ನಲ್ಲಿ ರೂಟರ್‌ನ ಲ್ಯಾನ್ ಕಿಂಡಿಯಿಂದ ಅಡಾಪ್ಟರ್‌ಗೆ ಲ್ಯಾನ್ ವೈರು, ಅಡಾಪ್ಟರ್‌ನಿಂದ ಗೋಡೆಯ ಕೊಆಕ್ಸ್‌ಗೆ. ಮೇಲೆ ಗೋಡೆಯ ಕೊಆಕ್ಸ್‌ನಿಂದ ಎರಡನೇ ಅಡಾಪ್ಟರ್‌ಗೆ, ಅಲ್ಲಿಂದ ಕಂಪ್ಯೂಟರ್‌ಗೆ ಅಥವಾ ಟಿವಿಗೆ. ವೈ-ಫೈ ಬೇಕಾದರೆ ಮನೆಯಲ್ಲಿ ಬಿದ್ದಿರುವ ಹಳೇ ರೂಟರ್ ಒಂದನ್ನು ಅಲ್ಲಿಡಿ.

ಹಳೇ ರೂಟರ್ ಇಡುವಾಗ ಒಂದು ಎಚ್ಚರ. ರೂಟರ್ ಪ್ರತಿ ಫೋನಿಗೂ ಒಂದು ವಿಳಾಸ ಹಂಚುತ್ತದೆ, ಆ ಕೆಲಸದ ಹೆಸರು ಡಿಎಚ್‌ಸಿಪಿ. ಮನೆಯಲ್ಲಿ ಇಬ್ಬರು ಯಜಮಾನರು ಕೂತು ವಿಳಾಸ ಹಂಚಿದರೆ ಗೊಂದಲ. ಮೇಲಿನದರ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್’ ಅಂತಿದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು ಕೆಳಗಿನ ರೂಟರ್‌ಗಿಂತ ಬೇರೆ ಮಾಡಿ, ವೈರನ್ನು ಅದರ ಲ್ಯಾನ್ ಕಿಂಡಿಗೇ ಸಿಕ್ಕಿಸಿ. ಎರಡಕ್ಕೂ ಒಂದೇ ವೈ-ಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಮೆಟ್ಟಿಲು ಹತ್ತುವಾಗ ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ.

ಕೇಬಲ್ ಟಿವಿ ಇನ್ನೂ ಇಟ್ಟುಕೊಂಡವರಿಗೆ ಒಂದು ಹೆಚ್ಚಿನ ಸಾಮಾನು ಬೇಕು. ನಿಮ್ಮ ಕೊಆಕ್ಸ್ ಬೀದಿಯ ಕೊಆಕ್ಸ್‌ಗೆ ಕೂಡಿದೆ, ಅಂದರೆ ಪಕ್ಕದ ಮನೆಗೂ ಕೂಡಿದೆ. ಮೋಕಾ ಅಲೆ ಹೊರಗೆ ಹೋಗದಂತೆ, ವೈರು ಮನೆಯೊಳಗೆ ಬರುವ ಜಾಗದಲ್ಲಿ ಬೆರಳುದ್ದದ ಪಿಒಇ ಫಿಲ್ಟರ್ ಹಾಕಬೇಕು. ಟಿವಿ ಸಾಲನ್ನು ಒಳಗೆ ಬಿಡುತ್ತದೆ, ಮೋಕಾ ಸಾಲನ್ನು ವಾಪಸ್ ಒಳಕ್ಕೇ ತಿರುಗಿಸುತ್ತದೆ. ಅಂಗಡಿಯಲ್ಲಿ ಬರೀ ‘ಪಿಒಇ’ ಅಂದರೆ ಸಿಸಿಟಿವಿ ಕ್ಯಾಮೆರಾಗೆ ಕರೆಂಟ್ ಕೊಡುವ ಬೇರೆಯದೇ ಸಾಮಾನು ಕೈಗಿಡುತ್ತಾರೆ, ಹೆಸರೊಂದೇ. ‘ಮೋಕಾ ಫಿಲ್ಟರ್’ ಅಂತಲೇ ಕೇಳಿ. ಅಡಾಪ್ಟರ್‌ನಲ್ಲಿ ಪಾಸ್‌ವರ್ಡ್ ಇಡುವ ಅವಕಾಶವಿದ್ದರೆ ಅದನ್ನೂ ಇಡಿ.

ದುಡ್ಡು ಬಿಚ್ಚುವ ಮುಂಚೆ

ಅಡಾಪ್ಟರ್‌ಗಳು ನಮ್ಮ ಊರಿನಲ್ಲಿ ನನಗೆ ಸಿಗಲಿಲ್ಲ. ಕೇಳಿದ ಕಂಪ್ಯೂಟರ್ ಅಂಗಡಿಗಳಲ್ಲಿ ‘ಮೋಕಾನಾ? ಏನ್ರಿ ಅದು?’ ಅಂದರು. ನಮ್ಮ ಜೋಡಿ ಬಂದದ್ದು ಅಮೆರಿಕದಿಂದ ರಜೆಗೆ ಬಂದ ಸೋದರತ್ತೆ ಮಗನ ಸೂಟ್‌ಕೇಸಿನಲ್ಲಿ. ನೀವೂ ಹಾಗೆ ತರಿಸುವುದಾದರೆ ಅದರ ಚಾರ್ಜರ್ ಮೇಲೆ 100–240 ವೋಲ್ಟ್ ಅಂತ ಇದೆಯಾ ನೋಡಿಸಿ. ಬರೀ 120 ಅಂತಿದ್ದರೆ ನಮ್ಮ 230ಕ್ಕೆ ಸುಟ್ಟುಹೋಗುತ್ತದೆ.

ತರಿಸುವ ಮುಂಚೆ ವೈರು ಬದುಕಿದೆಯಾ ಅಂತ ತಿಳಿಯಬೇಕಲ್ಲ. ಅದಕ್ಕೆ ಒಂದು ಮಲ್ಟಿಮೀಟರ್ ಸಾಕು. ಎರಡೂ ತುದಿ ಎಲ್ಲದರಿಂದಲೂ ಬಿಚ್ಚಿರಲಿ. ಕೆಳಗಿನ ತುದಿಯಲ್ಲಿ ನಡು ತಂತಿಗೂ ಜಡೆಗೂ ಒಂದು ಚೂರು ತಂತಿ ತಾಗಿಸಿ ಕಟ್ಟಿ. ಮೀಟರನ್ನು ಬೀಪ್ ಸೆಟ್ಟಿಂಗ್‌ಗೆ ತಿರುಗಿಸಿ, ಮೇಲಿನ ತುದಿಯಲ್ಲಿ ಅದರ ಒಂದು ಕಡ್ಡಿ ನಡು ತಂತಿಗೆ, ಇನ್ನೊಂದು ಜಡೆಗೆ ತಾಗಿಸಿದರೆ ಬೀಪ್ ಅನ್ನಬೇಕು. ತಂತಿ ಬಿಚ್ಚಿದರೆ ಬೀಪ್ ನಿಲ್ಲಬೇಕು. ಎರಡೂ ಆದರೆ ವೈರು ತುಂಡಾಗಿಲ್ಲ, ಶಾರ್ಟ್ ಇಲ್ಲ, ಮತ್ತು ನೀವು ಹಿಡಿದಿರುವುದು ಅದೇ ವೈರಿನ ಎರಡು ತುದಿ. ಬಿಚ್ಚಿದ ಮೇಲೂ ಬೀಪ್ ನಿಲ್ಲದಿದ್ದರೆ ಎಲ್ಲೋ ಶಾರ್ಟ್ ಇದೆ, ಅಥವಾ ನಡುವೆ ಸ್ಪ್ಲಿಟರ್ ಅಡಗಿ ಕೂತಿರಬಹುದು.

ಮಲ್ಟಿಮೀಟರ್‌ಗಿಂತಲೂ ಮೊದಲು ಮಾಡಬೇಕಾದದ್ದು ಇನ್ನೊಂದಿದೆ. ವೈರಿನ ಒಂದು ತುದಿ ಹಿಡಿದು ಮೆಲ್ಲಗೆ ಎಳೆಯಿರಿ, ಇನ್ನೊಂದು ತುದಿಯಲ್ಲಿ ಯಾರನ್ನಾದರೂ ನಿಲ್ಲಿಸಿ. ಅಲ್ಲಾಡಿತಾ? ಹಾಗಾದರೆ ಅದು ಪೈಪಿನಲ್ಲಿ ಸಡಿಲವಾಗಿ ಕೂತಿದೆ. ಅದರ ತುದಿಗೆ ಹೊಸ ಕ್ಯಾಟ್-6 ಲ್ಯಾನ್ ವೈರು ಕಟ್ಟಿ, ಟೇಪ್ ನುಣುಪಾಗಿ ಸುತ್ತಿ, ಇತ್ತ ಕಡೆಯಿಂದ ಎಳೆದರೆ ಹಳೆಯದು ಹೊರಗೆ, ಹೊಸದು ಒಳಗೆ. ಅಡಾಪ್ಟರೂ ಬೇಡ, ಫಿಲ್ಟರೂ ಬೇಡ, ಅಮೆರಿಕದ ನೆಂಟರೂ ಬೇಡ. ಬಳ್ಳಾರಿಯ ಯಾವ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗುವ ವೈರಿನಲ್ಲೇ ಕೆಲಸ ಮುಗಿಯಿತು. ನಮ್ಮ ಮನೆಯಲ್ಲಿ ನಾನೂ ಆ ಅಣ್ಣನೂ ಕಾಲು ಗೋಡೆಗೆ ಕೊಟ್ಟು ಎಳೆದರೂ ಅದು ಒಂದು ಇಂಚು ಕದಲಲಿಲ್ಲ. ಮೇಸ್ತ್ರಿ ಪೈಪನ್ನೇ ಹಾಕದೆ ವೈರನ್ನು ಸಿಮೆಂಟಿನಲ್ಲಿ ಮುಚ್ಚಿಬಿಟ್ಟಿದ್ದ.